ಹ್ಯಾಂಗ್ ಎಂದರೆ ಏನು? ಗಣಿತ ಸಂಘದ ಮೂರು ಶುಕ್ರವಾರಗಳು

ನಮ್ಮ ಪ್ರೌಢಶಾಲೆಗಳ ಕಂಪ್ಯೂಟರ್ ಕೊಠಡಿಯಲ್ಲಿ ಮಕ್ಕಳು ಎಲ್ಲಕ್ಕಿಂತ ಮೊದಲು ಕಲಿಯುವ ಪದ ‘ಹ್ಯಾಂಗ್’. ತೆರೆ ಅಲುಗದಿದ್ದರೆ ಹ್ಯಾಂಗ್. ಮೌಸಿನ ವೈರು ಸಡಿಲವಾಗಿದ್ದರೂ ಹ್ಯಾಂಗ್. ಯುಪಿಎಸ್ ಕೂಗತೊಡಗಿದರೆ ‘ಈಗ ಹ್ಯಾಂಗ್ ಆಗುತ್ತೆ ನೋಡು’. ಎಲ್ಲದಕ್ಕೂ ಮದ್ದು ಒಂದೇ, ಆಫ್ ಮಾಡಿ ಆನ್ ಮಾಡುವುದು. ನಾನು ಇಂಟರ್ನ್‌ಶಿಪ್‌ಗೆ ಹೋಗಿದ್ದ ಸರ್ಕಾರಿ ಪ್ರೌಢಶಾಲೆಯಲ್ಲಿ ಈ ಮದ್ದನ್ನು ಡ್ರಾಯಿಂಗ್ ಶೀಟಿನ ಮೇಲೆ ಬರೆದು ಗೋಡೆಗೆ ಅಂಟಿಸಿಯೂ ಇದ್ದರು. ಹಳೆಯ ಯಂತ್ರಗಳನ್ನು ನಲವತ್ತು ಮಕ್ಕಳ ಕೈಯಿಂದ ಕಾಪಾಡಬೇಕಾದವರಿಗೆ ಅದು ಬೇಕಾದ ಸೂಚನೆಯೇ. ಆದರೆ ಗಣಿತದ ಅವಧಿಗೆ ಅದು ಸಾಲದು ಎಂಬುದು ನನ್ನ ಅಭಿಪ್ರಾಯ. ಒಂದು ಸ್ಕ್ರಿಪ್ಟ್ ನಿಂತಂತೆ ಕಂಡಾಗ ಅದು ನಿಜಕ್ಕೂ ನಿಂತಿದೆಯೇ, ನಡೆಯುತ್ತಿದ್ದರೆ ಎಲ್ಲಿಗೆ ಬಂದಿದೆ, ಮುಗಿಯಲು ಇನ್ನೆಷ್ಟು ಹೊತ್ತು ಬೇಕು? ಈ ಪ್ರಶ್ನೆಗಳಲ್ಲಿ ಒಂಬತ್ತನೇ ತರಗತಿಯ ಗಣಿತ ಬಹಳಷ್ಟು ಅಡಗಿದೆ. ನಮ್ಮ ಗಣಿತ ಸಂಘದ ಮೂರು ಶುಕ್ರವಾರಗಳಲ್ಲಿ ಅದು ಹೇಗೆ ಹೊರಬಂತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಅದರಲ್ಲಿ ಒಂದು ಶುಕ್ರವಾರ ನಮ್ಮ ಉಪನ್ಯಾಸಕರು ಪಾಠ ವೀಕ್ಷಣೆಗೆ ಬಂದಿದ್ದರು. ಅವರು ವೀಕ್ಷಣಾ ನಮೂನೆಯಲ್ಲಿ ಬರೆದ ಒಂದು ಸಾಲಿನ ಬಗ್ಗೆಯೂ ಹೇಳುವುದಿದೆ.

ಶುರುವಾದದ್ದು ಘಾತಾಂಕಗಳ ಪಾಠದಿಂದ. ಚದುರಂಗದ ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ ದುಪ್ಪಟ್ಟಾಗುತ್ತ ಹೋಗುವ ಕಥೆ ಎಲ್ಲರಿಗೂ ಗೊತ್ತು. ಪ್ರತಿ ಮನೆಯವರೆಗಿನ ಒಟ್ಟು ಕಾಳನ್ನು ಮಕ್ಕಳಿಂದ ಬರೆಸಿದೆ: 1, 3, 7, 15, 31, 63, 127. ಒಟ್ಟು ಯಾವಾಗಲೂ ಮುಂದಿನ ಮನೆಯ ಕಾಳಿಗಿಂತ ಒಂದು ಕಡಿಮೆ, ಅಂದರೆ 2ⁿ − 1, ಎಂಬುದನ್ನು ಅವರೇ ಕಂಡುಕೊಂಡರು. ಪಾಠಯೋಜನೆಯ ಪ್ರಕಾರ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಕಿಟಕಿ ಪಕ್ಕದ ಹುಡುಗಿಯೊಬ್ಬಳು 3, 7, 31, 127 ಇವುಗಳ ಸುತ್ತ ಗೆರೆ ಎಳೆದು, “ಮಿಸ್, ಇವೆಲ್ಲ ಅವಿಭಾಜ್ಯ. ಎರಡು, ಮೂರು, ಐದು, ಏಳನೇ ಮನೆ. ಮನೆ ನಂಬರೂ ಅವಿಭಾಜ್ಯವೇ” ಎಂದಳು. ಹನ್ನೊಂದನೇ ಮನೆಗೆ ಎಲ್ಲರೂ ಕಾದರು. 2¹¹ − 1 ಅಂದರೆ 2047, ಅದು 23 × 89. ನಿಯಮ ಮುರಿಯಿತು. ಮುರಿದದ್ದೇ ಒಳ್ಳೆಯದಾಯಿತು, ಏಕೆಂದರೆ ಮುಂದೆ ಯಾವುವು ಉಳಿಯುತ್ತವೆ, ಯಾವುವು ಮುರಿಯುತ್ತವೆ ಎಂಬ ಕುತೂಹಲ ಉಳಿಯಿತು. ಅದನ್ನು ಶುಕ್ರವಾರದ ಕೊನೆಯ ಅವಧಿಯ ಗಣಿತ ಸಂಘಕ್ಕೆ ಒಯ್ದೆವು.

ಕೊಠಡಿಯಲ್ಲಿ ಹನ್ನೊಂದು ಯಂತ್ರಗಳಿವೆ, ಏಳು ಕೆಲಸ ಮಾಡುತ್ತವೆ. ಮಾರ್ಗದರ್ಶಕ ಶಿಕ್ಷಕರು ಸಂಘದ ಮಕ್ಕಳಿಗೆ ಪೈಥಾನ್ ಭಾಷೆಯ ಮೊದಲ ಪಾಠಗಳನ್ನು ಹಿಂದಿನ ವರ್ಷವೇ ಹೇಳಿಕೊಟ್ಟಿದ್ದರು. ಅದೇ ಹುಡುಗಿ ಏಳೆಂಟು ಸಾಲಿನ ಒಂದು ಸ್ಕ್ರಿಪ್ಟ್ ಬರೆದಳು. ಪರೀಕ್ಷಿಸಬೇಕಾದ ಸಂಖ್ಯೆಗೆ ‘ಎನ್’ ಎಂದು ಹೆಸರು, ಭಾಜಕಕ್ಕೆ ‘ಡಿ’ ಎಂದು ಹೆಸರು. ಡಿ 2ರಿಂದ ಶುರುವಾಗುತ್ತದೆ. ಎನ್ ಅನ್ನು ಡಿಯಿಂದ ಭಾಗಿಸಿ ಶೇಷ ಸೊನ್ನೆಯಾದರೆ ಡಿಯನ್ನು ಮುದ್ರಿಸಿ ನಿಲ್ಲುತ್ತದೆ. ಇಲ್ಲದಿದ್ದರೆ ಡಿಗೆ ಒಂದು ಕೂಡಿಸಿ ಮತ್ತೆ ಭಾಗಿಸುತ್ತದೆ. ಡಿ ಎನ್‌ನ ತನಕ ಬಂದರೂ ಏನೂ ಸಿಗದಿದ್ದರೆ ‘ಅವಿಭಾಜ್ಯ’ ಎಂದು ಮುದ್ರಿಸುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ ಎಂಬುದನ್ನು ಗಮನಿಸಬೇಕು. ಒಂದು ಮತ್ತು ಅದೇ ಸಂಖ್ಯೆಯನ್ನು ಬಿಟ್ಟು ಬೇರೆ ಅಪವರ್ತನ ಇಲ್ಲದ್ದು ಅವಿಭಾಜ್ಯ ಎಂದು ಪುಸ್ತಕ ಹೇಳುತ್ತದೆ. ಅವಳು ಆ ವ್ಯಾಖ್ಯೆಯನ್ನು ಅಕ್ಷರಶಃ ಯಂತ್ರಕ್ಕೆ ಒಪ್ಪಿಸಿದ್ದಳು.

ಮೊದಲ ಶುಕ್ರವಾರ 13, 17, 19 ಮನೆಗಳು ಎಂಟರ್ ಒತ್ತುವಷ್ಟರಲ್ಲಿ ಅವಿಭಾಜ್ಯವೆಂದು ಬಂದವು. 23ಕ್ಕೆ 47 ಎಂಬ ಅಪವರ್ತನ ಸಿಕ್ಕಿತು, 29ಕ್ಕೆ 233. 31ಕ್ಕೆ ಬಂದಾಗ ತೆರೆ ಸುಮ್ಮನಾಯಿತು. “ಹ್ಯಾಂಗ್ ಆಯ್ತು ಮಿಸ್.” ಅಷ್ಟರಲ್ಲಿ ಬೇರೆ ಯಂತ್ರದ ಪ್ರಿಂಟರ್ ವಿಷಯ ಬಂದು ಯಾರೂ ಇದನ್ನು ಆಫ್ ಮಾಡಲಿಲ್ಲ. ಏಳು ನಿಮಿಷದ ಮೇಲೆ ನೋಡಿದರೆ ತೆರೆಯ ಮೇಲೆ ‘ಅವಿಭಾಜ್ಯ’ ಎಂದಿತ್ತು. ಸತ್ತಿದ್ದು ಎದ್ದು ಕೂತಂತೆ ಮಕ್ಕಳು ಕೂಗಿದರು. 2³¹ − 1 ಅಂದರೆ 214,74,83,647. ಇದು ಅವಿಭಾಜ್ಯ ಎಂದು ಆಯ್ಲರ್ 1772ರಲ್ಲಿ ಕಾಗದದ ಮೇಲೆಯೇ ತೋರಿಸಿದ್ದ. ನಮ್ಮ ಯಂತ್ರ ಒಂದು ಕೋಟಿ ಸುತ್ತಿಗೆ ಸುಮಾರು ಎರಡು ಸೆಕೆಂಡ್ ತೆಗೆದುಕೊಳ್ಳುತ್ತದೆ ಎಂದು ಅಂದೇ ಅಳೆದಿಟ್ಟುಕೊಂಡೆವು. 214 ಕೋಟಿ ಸುತ್ತಿಗೆ 430 ಸೆಕೆಂಡ್, ಲೆಕ್ಕ ಸರಿಹೋಯಿತು. ಆ ಒಂದು ಅಳತೆ ಮುಂದೆ ಬಹಳ ಕೆಲಸಕ್ಕೆ ಬಂತು. ಹಾಗಾಗಿ ಇಂಥ ಪಾಠ ಮಾಡುವವರು ತಮ್ಮ ಯಂತ್ರದ ಒಂದು ಕೋಟಿ ಸುತ್ತಿನ ಸಮಯವನ್ನು ಮೊದಲು ಅಳೆದುಕೊಳ್ಳಲಿ ಎಂಬುದು ನನ್ನ ಸಲಹೆ. ಯಂತ್ರಕ್ಕೆ ಯಂತ್ರಕ್ಕೆ ಅದು ಬೇರೆ.

ಎರಡನೇ ಶುಕ್ರವಾರ ಉಪನ್ಯಾಸಕರು ಹಿಂದಿನ ಬೆಂಚಿನಲ್ಲಿ ನಮೂನೆ ಹಿಡಿದು ಕೂತಿದ್ದರು. ಆ ದಿನ ಪಟ್ಟಿಯಲ್ಲಿ 59, 61, 67 ಇದ್ದವು. ಇವನ್ನು ಸುಮ್ಮನೆ ಆರಿಸಿದ್ದಲ್ಲ. ಮರ್ಸೆನ್ ಎಂಬ ಫ್ರೆಂಚ್ ಪಾದ್ರಿ 1644ರಲ್ಲಿ 257ರವರೆಗೆ ಯಾವ ಮನೆಗಳು ಅವಿಭಾಜ್ಯ ಎಂದು ಒಂದು ಪಟ್ಟಿ ಕೊಟ್ಟಿದ್ದ. ಅದರಲ್ಲಿ 67 ಇತ್ತು, 61 ಇರಲಿಲ್ಲ. ಪಟ್ಟಿ ಸರಿಯೇ ಎಂದು ನೋಡುವುದು ಅಂದಿನ ಚಟುವಟಿಕೆ. 59 ತಕ್ಷಣ ಮುಗಿಯಿತು. 1,79,951 ಎಂಬ ಅಪವರ್ತನ ಬಂತು. 61 ಹಾಕಿದ ಹುಡುಗಿಯ ತೆರೆ ಸುಮ್ಮನಾಯಿತು. ಒಂದು ನಿಮಿಷ, ಎರಡು ನಿಮಿಷ. ಪಕ್ಕದ ಯಂತ್ರದ ಹುಡುಗ ಇವಳು ಮುಗಿಸುವ ತನಕ ಕಾಯುವುದೇಕೆ ಎಂದು 67 ಹಾಕಿದ. ಮುಕ್ಕಾಲು ನಿಮಿಷದಲ್ಲಿ ಅವನಿಗೆ ಉತ್ತರ ಬಂತು: 19,37,07,721. ಅಂದರೆ 67 ಅವಿಭಾಜ್ಯವಲ್ಲ, ಮರ್ಸೆನ್ ಪಟ್ಟಿ ಅಲ್ಲಿ ತಪ್ಪು.

“ಮಿಸ್, ಇವನ ನಂಬರ್ ದೊಡ್ಡದು. ಅದು ಮುಗೀತು. ನಂದು ಚಿಕ್ಕದು, ಹ್ಯಾಂಗ್ ಆಗಿದೆ. ನನ್ನ ಕಂಪ್ಯೂಟರ್ ಕೆಟ್ಟಿದೆ.”

ಈ ವಾದ ತಳ್ಳಿಹಾಕುವಂಥದ್ದಲ್ಲ. 2⁶⁷ − 1 ಅನ್ನುವುದು 2⁶¹ − 1ಕ್ಕಿಂತ 64 ಪಟ್ಟು ದೊಡ್ಡದು. ಸಂಖ್ಯೆ ದೊಡ್ಡದಾದ್ದರಿಂದ ಹ್ಯಾಂಗ್ ಆಯಿತು ಎಂದು ಅಲ್ಲಿಯವರೆಗೆ ಎಲ್ಲರೂ ನಂಬಿದ್ದರು. ಆ ನಂಬಿಕೆ ಕಣ್ಣೆದುರಿಗೇ ಬಿದ್ದುಹೋಯಿತು. ಯಂತ್ರ ಕೆಟ್ಟಿದೆಯೇ ಎಂದು ನೋಡಲು ಇಬ್ಬರೂ ಜಾಗ ಬದಲಿಸಿ ಓಡಿಸಬಹುದಿತ್ತು, ಆದರೆ ಅದಕ್ಕೆ ಓಡುತ್ತಿರುವುದನ್ನು ನಿಲ್ಲಿಸಬೇಕು. 31 ಏಳು ನಿಮಿಷ ತೆಗೆದುಕೊಂಡಿತ್ತಲ್ಲ, ಇದೂ ಬರಬಹುದು ಎಂದು ಅರ್ಧ ಮಕ್ಕಳು ಹೇಳಿದರು. ಆಫ್ ಮಾಡೋಣ ಎಂದು ಇನ್ನರ್ಧ. ನಾನು ಎರಡನ್ನೂ ಹೇಳಲಿಲ್ಲ. ಕಾಯಬೇಕೋ ನಿಲ್ಲಿಸಬೇಕೋ ಎಂಬುದಕ್ಕೆ ಕಾರಣ ಕೊಡಿ ಎಂದು ಕೇಳಿ ಬದಿಗೆ ನಿಂತೆ.

ಮಕ್ಕಳು ಕೊಟ್ಟ ಕಾರಣಗಳನ್ನು ದಿನಚರಿಯಲ್ಲಿ ಬರೆದುಕೊಂಡಿದ್ದೇನೆ. ಒಬ್ಬ ಸಿಪಿಯು ಪೆಟ್ಟಿಗೆಗೆ ಕಿವಿಯಿಟ್ಟು ಫ್ಯಾನ್ ಜೋರಾಗಿ ತಿರುಗುತ್ತಿದೆ, ಆದ್ದರಿಂದ ಒಳಗೆ ಕೆಲಸ ನಡೆಯುತ್ತಿದೆ ಎಂದ. ಇನ್ನೊಬ್ಬಳು, ಒಂದೇ ಕೆಲಸವನ್ನು ಸುತ್ತಿ ಸುತ್ತಿ ಮಾಡುತ್ತಿದ್ದರೂ ಫ್ಯಾನ್ ತಿರುಗುತ್ತದಲ್ಲ ಎಂದಳು. ಮುಗಿಯದ ಸುತ್ತು ಬೇರೆ, ತಡವಾಗಿ ಮುಗಿಯುವ ಸುತ್ತು ಬೇರೆ, ಫ್ಯಾನಿನ ಸದ್ದು ಎರಡನ್ನೂ ಬೇರೆ ಮಾಡಿ ಹೇಳುವುದಿಲ್ಲ. ಈ ವ್ಯತ್ಯಾಸವನ್ನು ನಾನು ಪದವಿಯಲ್ಲಿ ಕಲಿತೆ. ಇವಳು ಒಂಬತ್ತನೇ ತರಗತಿಯಲ್ಲಿ ಫ್ಯಾನಿನ ಮೂಲಕ ಹೇಳಿದಳು. ಕೊನೆಗೆ ಮತ್ತೊಬ್ಬ, “ಡಿ ಎಷ್ಟಾಗಿದೆ ಅಂತ ಅದನ್ನೇ ಕೇಳಿದ್ರೆ?” ಎಂದ.

ಅಲ್ಲಿಗೆ ಹನ್ನೊಂದು ನಿಮಿಷವಾಗಿತ್ತು. ಕಂಟ್ರೋಲ್ ಮತ್ತು ಸಿ ಕೀ ಒಟ್ಟಿಗೆ ಒತ್ತಿ ನಿಲ್ಲಿಸಲು ಹೇಳಿದೆ. ಹೀಗೆ ನಿಲ್ಲಿಸಿದರೆ ಪೈಥಾನ್ ಕೆಂಪು ಅಕ್ಷರಗಳಲ್ಲಿ ಏನೋ ಬರೆಯುತ್ತದೆ. ಮಕ್ಕಳು ಅದನ್ನು ಬೈಗುಳ ಎಂದುಕೊಳ್ಳುತ್ತಾರೆ. ಅದು ಬೈಗುಳವಲ್ಲ, ನಿಲ್ಲಿಸಿದಾಗ ಯಾವ ಸಾಲಿನಲ್ಲಿತ್ತು ಎಂಬ ವರದಿ. ಪವರ್ ಬಟನ್ ಒತ್ತಿದ್ದರೆ ಈ ವರದಿಯೂ ಇಲ್ಲ, ಡಿಯ ಬೆಲೆಯೂ ಇಲ್ಲ. ವರದಿಯ ಕೆಳಗೆ ಡಿ ಎಂದು ಟೈಪ್ ಮಾಡಿ ಎಂಟರ್ ಒತ್ತಿದಳು. ಮುನ್ನೂರು ಕೋಟಿ ದಾಟಿದ ಒಂದು ಸಂಖ್ಯೆ ಬಂತು. ಯಂತ್ರ ಕೆಟ್ಟಿರಲಿಲ್ಲ. ಒಂದನ್ನೂ ಬಿಡದೆ ಭಾಗಿಸುತ್ತಲೇ ಇತ್ತು.

ಇನ್ನೆಷ್ಟು ಬಾಕಿ ಎಂಬ ಲೆಕ್ಕ ಕರಿಹಲಗೆಗೆ ಬಂತು. 2⁶¹ − 1 ಅಂದರೆ 23,05,84,30,09,21,36,93,951. ಇದನ್ನು ಓದಲು ಹೋದ ಮಕ್ಕಳು ಕೋಟಿಯ ಹತ್ತಿರ ನಿಂತುಬಿಟ್ಟರು. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ 24 ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾನೆ, ನಮ್ಮ ಹತ್ತೊಂಬತ್ತು ಅಂಕಿ ಅದರೊಳಗೆ ಆರಾಮವಾಗಿ ಕೂರುತ್ತದೆ ಎಂದು ಹೇಳಿ, ನಾವು ‘ಇಪ್ಪತ್ಮೂರು ಸಾವಿರ ಕೋಟಿ ಕೋಟಿ’ ಎಂದು ಓದಿಕೊಂಡೆವು. ಸೆಕೆಂಡಿಗೆ 50 ಲಕ್ಷ ಸುತ್ತಿನಂತೆ ಭಾಗಿಸಿ, ದಿನ ಮಾಡಿ, ವರ್ಷ ಮಾಡಿದರೆ ಸುಮಾರು 14,600 ವರ್ಷ. ತರಗತಿಯಲ್ಲಿ ನಗು. ನಗುವಿನ ನಡುವೆ ಆ ಹುಡುಗಿ ನಗದೆ ತನ್ನ ಸ್ಕ್ರಿಪ್ಟ್ ಅಳಿಸಲು ಹೊರಟಿದ್ದಳು. ಅಳಿಸಬೇಡ ಎಂದೆ. ಪಕ್ಕದವನು ಮುಕ್ಕಾಲು ನಿಮಿಷದಲ್ಲಿ ಮುಗಿಸಿದ್ದೂ ಅದೇ ಸ್ಕ್ರಿಪ್ಟಿನಿಂದಲೇ ಅಲ್ಲವೇ? ಅವನ ಸಂಖ್ಯೆಗೆ ಹತ್ತೊಂಬತ್ತು ಕೋಟಿಯ ಹತ್ತಿರ ಒಂದು ಅಪವರ್ತನ ಇತ್ತು, ಅಲ್ಲಿಗೆ ನಿಂತಿತು. ಇವಳದಕ್ಕೆ ಅಪವರ್ತನವೇ ಇಲ್ಲದಿದ್ದರೆ ಕೊನೆಯವರೆಗೆ ನಡೆಯಲೇಬೇಕು. ಇದೆ ಎಂದು ತೋರಿಸಲು ಒಂದು ಸಾಕು, ಇಲ್ಲ ಎಂದು ತೋರಿಸಲು ಎಲ್ಲವನ್ನೂ ನೋಡಬೇಕು.

ಎಲ್ಲವನ್ನೂ ನೋಡಬೇಕೇ? 36ರ ಅಪವರ್ತನ ಜೋಡಿಗಳನ್ನು ಬರೆಸಿದೆ: 1 × 36, 2 × 18, 3 × 12, 4 × 9, 6 × 6, ಆಮೇಲೆ 9 × 4, 12 × 3. “ಆರಾದ ಮೇಲೆ ತಿರುಗಾಮುರುಗಾ ಅವೇ ಬರ್ತವೆ ಮಿಸ್.” ಸರಿ, ಹಾಗಾದರೆ ಪ್ರತಿ ಜೋಡಿಯಲ್ಲೂ ಚಿಕ್ಕದು ವರ್ಗಮೂಲವನ್ನು ಮೀರುವುದಿಲ್ಲ. ವರ್ಗಮೂಲದ ತನಕ ಏನೂ ಸಿಗದಿದ್ದರೆ ಮುಂದೆಯೂ ಸಿಗುವುದಿಲ್ಲ. 2⁶¹ − 1ರ ವರ್ಗಮೂಲ ಸುಮಾರು 151 ಕೋಟಿ 85 ಲಕ್ಷ. ಈ ಸಂಖ್ಯೆ ಹಲಗೆಯ ಮೇಲೆ ಬಂದ ಕೂಡಲೇ ಮೊದಲು ಗಮನಿಸಿದವಳು ಅದೇ ಹುಡುಗಿ. “ನಾವು ನಿಲ್ಲಿಸಿದಾಗ ಮುನ್ನೂರು ಕೋಟಿ ಆಗಿತ್ತಲ್ಲ ಮಿಸ್? ಹಂಗಾದ್ರೆ ಮುಗ್ದೋಗಿತ್ತು!”

ನಿಜ. ಬೇಕಾದ ಪರೀಕ್ಷೆಯೆಲ್ಲ ಐದನೇ ನಿಮಿಷಕ್ಕೇ ಮುಗಿದಿತ್ತು. 2⁶¹ − 1 ಅವಿಭಾಜ್ಯ ಎಂಬುದಕ್ಕೆ ಬೇಕಾದ ಅಷ್ಟೂ ಸಾಕ್ಷ್ಯ ಆ ಯಂತ್ರ ಕಂಡಿತ್ತು. ಸಾಕು ಎಂದು ತಿಳಿಯುವ ಸಾಲು ಮಾತ್ರ ಅದಕ್ಕೆ ಇರಲಿಲ್ಲ. ಡಿ ಎನ್‌ಗಿಂತ ಕಡಿಮೆ ಇರುವ ತನಕ ಎಂಬಲ್ಲಿ, ಡಿಯ ವರ್ಗ ಎನ್‌ಗೆ ಸಮ ಅಥವಾ ಕಡಿಮೆ ಇರುವ ತನಕ ಎಂದು ಅವಳು ತಿದ್ದಿದಳು. ಒಂದೇ ಸಾಲು. 14,600 ವರ್ಷ ಐದು ನಿಮಿಷಕ್ಕೆ ಇಳಿಯಿತು. 31ನೇ ಮನೆ ಏಳು ನಿಮಿಷದ ಬದಲು ಕಣ್ಣು ಮಿಟುಕಿಸುವಷ್ಟರಲ್ಲಿ ಬಂತು, ಏಕೆಂದರೆ ಅಲ್ಲಿ ಈಗ 46,340 ಸುತ್ತು ಮಾತ್ರ. ಯಾರಾದರೂ ಇದನ್ನು ಮಾಡಿಸುವುದಾದರೆ ವರ್ಗಮೂಲ ತೆಗೆಯಲು ಹೋಗದೆ ಡಿಯನ್ನು ಡಿಯಿಂದ ಗುಣಿಸಿ ಹೋಲಿಸುವುದೇ ಒಳ್ಳೆಯದು. ಇಷ್ಟು ದೊಡ್ಡ ಸಂಖ್ಯೆಗಳಲ್ಲಿ ದಶಮಾಂಶದ ವರ್ಗಮೂಲ ಕೊನೆಯ ಅಂಕಿಗಳಲ್ಲಿ ಜಾರಬಹುದು.

ಮುಂದಿನ ಓಟದಲ್ಲಿ ಯಂತ್ರ ಸುಮ್ಮನಿರದಂತೆ ಮಾಡುವ ಕೆಲಸವೂ ಇತ್ತು. ಒಬ್ಬ ಪ್ರತಿ ಸುತ್ತಿಗೂ ಡಿಯನ್ನು ಮುದ್ರಿಸುವ ಸಾಲು ಸೇರಿಸಿದ. ತೆರೆಯ ತುಂಬ ಅಂಕಿಗಳು ಹರಿದವು, ಓಟ ಮಾತ್ರ ಆಮೆಯ ನಡಿಗೆಯಾಯಿತು. ಭಾಗಿಸುವುದಕ್ಕಿಂತ ಬರೆಯುವುದಕ್ಕೇ ಹೆಚ್ಚು ಹೊತ್ತು ಹೋಗುತ್ತದೆ. ಕೋಟಿಗೊಮ್ಮೆ ಮುದ್ರಿಸಿದರೆ ಸಾಕು ಎಂದು ಅವರೇ ಬದಲಿಸಿಕೊಂಡರು. ಎರಡು ಸೆಕೆಂಡಿಗೊಂದು ಸಂಖ್ಯೆ ಬೀಳುತ್ತಿದ್ದರೆ ಯಾರೂ ಹ್ಯಾಂಗ್ ಎನ್ನುವುದಿಲ್ಲ.

ಇನ್ನು ಆ ಸಾಲು. ವೀಕ್ಷಣಾ ನಮೂನೆಯ ‘ಸಮಯದ ಬಳಕೆ’ ಎಂಬ ಕಾಲಮ್ಮಿನಲ್ಲಿ ಉಪನ್ಯಾಸಕರು ಬರೆದಿದ್ದರು: ‘ಸುಮಾರು 11 ನಿಮಿಷ ಬೋಧನಾ ಚಟುವಟಿಕೆ ಇಲ್ಲ.’ ಅಂಕವೂ ಅದಕ್ಕೆ ತಕ್ಕಂತೆ ಇತ್ತು. ಹಿಮ್ಮಾಹಿತಿಯ ಸಮಯದಲ್ಲಿ ಕೇಳಿದೆ. ಅವರು ತಾಳ್ಮೆಯಿಂದಲೇ ವಿವರಿಸಿದರು. “ನೋಡಮ್ಮ, ಲೆಕ್ಕ ಹಾಕಿದ್ದು ಚೆನ್ನಾಗಿತ್ತು, ಜೋಡಿ ಬರೆಸಿದ್ದು ಚೆನ್ನಾಗಿತ್ತು. ಆದರೆ ಅದಕ್ಕೆ ಮುಂಚೆ ನೀನು ಹಲಗೆ ಬಿಟ್ಟು ಗೋಡೆ ಪಕ್ಕ ನಿಂತಿದ್ದೆ. ಎರಡನೇ ನಿಮಿಷಕ್ಕೇ ನಿಲ್ಲಿಸಿ ಹೇಳಬಹುದಿತ್ತಲ್ಲ?” ಹಿಂದಿನ ಎರಡು ಯಂತ್ರಗಳ ಬಳಿ ಬೇರೆ ಮಾತು ನಡೆದಿತ್ತು ಎಂದೂ ಹೇಳಿದರು. ಇರಬಹುದು, ನಲವತ್ತು ಮಕ್ಕಳಿರುವಲ್ಲಿ ಅದು ಇರುತ್ತದೆ. ನಾನು ದಿನಚರಿ ತೆಗೆದು ಆ ಹನ್ನೊಂದು ನಿಮಿಷದಲ್ಲಿ ಯಾರು ಏನು ಹೇಳಿದರು ಎಂದು ಓದಿದೆ. ಫ್ಯಾನಿನ ವಾದ ಕೇಳಿ ಅವರು ನಕ್ಕರು, ಅದು ತಮಗೆ ಹಿಂದೆ ಕೇಳಿಸಿರಲಿಲ್ಲ ಎಂದರು. ಅಂಕ ಬದಲಾಗಲಿಲ್ಲ, ಬದಲಿಸಿ ಎಂದು ನಾನು ಕೇಳಲೂ ಇಲ್ಲ. ಆದರೆ ಎರಡನೇ ನಿಮಿಷಕ್ಕೆ ನಿಲ್ಲಿಸಬೇಕಿತ್ತು ಎಂಬುದನ್ನು ನಾನು ಈಗಲೂ ಒಪ್ಪುವುದಿಲ್ಲ. ಎರಡನೇ ನಿಮಿಷಕ್ಕೆ ಡಿ ಅರವತ್ತು ಕೋಟಿ ಇರುತ್ತಿತ್ತು, ವರ್ಗಮೂಲ ದಾಟಿರುತ್ತಿರಲಿಲ್ಲ, ‘ಮುಗ್ದೋಗಿತ್ತು’ ಎಂದು ಅವಳು ಕೂಗುವ ಸಂದರ್ಭವೇ ಬರುತ್ತಿರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಡಿಯನ್ನು ಕೇಳೋಣ ಎಂಬ ಮಾತು ನನ್ನ ಬಾಯಿಂದ ಬರುತ್ತಿತ್ತು. ನಮ್ಮ ನಮೂನೆಯಲ್ಲಿ ಶಿಕ್ಷಕರು ಏನು ಮಾಡಿದರು ಎಂಬುದಕ್ಕೆ ಬಹಳ ಕಾಲಮ್ಮುಗಳಿವೆ, ತರಗತಿ ಏನನ್ನು ಕಾಯುತ್ತಿತ್ತು ಎಂಬುದಕ್ಕೆ ಒಂದೂ ಇಲ್ಲ.

ಕಾಯುವುದರ ಬಗ್ಗೆ ನಾವೆಲ್ಲ ಓದಿದ್ದೇವೆ. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸರಾಸರಿ ಒಂದು ಸೆಕೆಂಡ್ ಮಾತ್ರ ಕಾಯುತ್ತಾರೆ, ಮೂರು ಸೆಕೆಂಡಿಗೆ ಹೆಚ್ಚಿಸಿದರೆ ಉತ್ತರಗಳು ಉದ್ದವಾಗುತ್ತವೆ ಎಂದು ಮೇರಿ ಬಡ್ ರೋ 1970ರ ದಶಕದಲ್ಲಿ ತೋರಿಸಿದ್ದನ್ನು ಸೂಕ್ಷ್ಮಬೋಧನೆಯ ಪ್ರಶ್ನಿಸುವ ಕೌಶಲದಡಿ ಬರೆದು ಅಂಕವನ್ನೂ ಪಡೆದಿದ್ದೇವೆ. ಆದರೆ ಬರೀ ಕಾದರೆ ಆಯಿತೇ? ನಮ್ಮ ತರಗತಿಯಲ್ಲಿ ಒಬ್ಬ ಹುಡುಗನಿದ್ದಾನೆ. ಸಿಬ್ಬಂದಿ ಕೊಠಡಿಯಲ್ಲಿ ಅವನ ಬಗ್ಗೆ ಹೇಳುವ ಮಾತು, “ಅವನನ್ನ ಕೇಳಿದ್ರೆ ಹ್ಯಾಂಗ್ ಆಗ್ಬಿಡ್ತಾನೆ, ಪಕ್ಕದವನನ್ನ ಕೇಳಿ.” ಆ ವಾರ ಅವನಿಗೆ 221 ಅವಿಭಾಜ್ಯವೇ ಎಂದು ಕೇಳಿದೆ. ಮೂರು ಸೆಕೆಂಡ್ ಅಲ್ಲ, ಒಂದು ನಿಮಿಷ ಕಾದರೂ ಮಾತಿಲ್ಲ. ಉತ್ತರ ಏನು ಎಂದು ಮತ್ತೆ ಕೇಳುವ ಬದಲು, “ಎಲ್ಲಿಗೆ ಬಂದಿದ್ದೀಯ?” ಎಂದೆ. “ಎಂಟರ ಹತ್ರ ಇದ್ದೀನಿ ಮಿಸ್,” ಎಂದ. ಎಂಟು! ಎರಡರಿಂದ ಭಾಗವಾಗದ ಸಂಖ್ಯೆಯನ್ನು ನಾಲ್ಕು, ಆರು, ಎಂಟರಿಂದಲೂ ಬಾಯಲ್ಲೇ ಭಾಗಿಸಿಕೊಂಡು ಬರುತ್ತಿದ್ದ, ಒಂದನ್ನೂ ಬಿಡದೆ, ಆ ಹುಡುಗಿಯ ಸ್ಕ್ರಿಪ್ಟಿನಂತೆಯೇ. ಅವನಿಗೆ ಭಾಗಾಕಾರ ಬರುತ್ತಿತ್ತು. ಬಿಡಬಹುದಾದವು ಯಾವುವು ಎಂಬುದು ಬಂದಿರಲಿಲ್ಲ. ನಾನು ಹೇಳಿಕೊಡಬೇಕಾದದ್ದು ಅದೊಂದೇ. 13ರ ತನಕ ಅವನು ಅಂದು ತಲುಪಲಿಲ್ಲ, ಗಂಟೆ ಹೊಡೆಯಿತು. ಮರುದಿನ ಬೆಳಿಗ್ಗೆ ಪ್ರಾರ್ಥನೆಗೆ ಸಾಲು ನಿಲ್ಲುವಾಗ “ಹದಿಮೂರು ಹದಿನೇಳಲೆ” ಎಂದು ಹೇಳಿ ಓಡಿದ.

ಮೂರನೇ ಶುಕ್ರವಾರದಲ್ಲಿ ಬೇರೆ ಜಾತಿಯ ಹ್ಯಾಂಗ್ ಒಂದನ್ನು ಕಂಡೆವು. ಒಬ್ಬ ಹುಡುಗ 9ರ ಘಾತ 9, ಅದು ಮತ್ತೆ 9ರ ಮೇಲೆ ಘಾತಾಂಕ, ಹೀಗೆ ಮೂರು ಒಂಬತ್ತನ್ನು ಮಹಡಿಯಂತೆ ಏರಿಸಿ ಮುದ್ರಿಸಲು ಹೇಳಿದ್ದ. ಇಲ್ಲಿ ಸುತ್ತೇ ಇಲ್ಲ, ಒಂದೇ ಸಾಲು. ನಡುವೆ ಡಿಯನ್ನು ಮುದ್ರಿಸಲು ಜಾಗವೂ ಇಲ್ಲ. ಹಾಗಿದ್ದಾಗ ಉತ್ತರದ ಗಾತ್ರವನ್ನು ಹೊರಗಿನಿಂದ ಅಂದಾಜು ಮಾಡಬೇಕು. 9ರ ಘಾತ 9 ಅಂದರೆ 38,74,20,489. ಒಂಬತ್ತರಿಂದ ಒಮ್ಮೆ ಗುಣಿಸಿದರೆ ಹೆಚ್ಚೆಂದರೆ ಒಂದು ಅಂಕಿ ಹೆಚ್ಚುತ್ತದೆ, ಆದ್ದರಿಂದ ಉತ್ತರದಲ್ಲಿ ಹೆಚ್ಚೆಂದರೆ ಸುಮಾರು 38 ಕೋಟಿ 74 ಲಕ್ಷ ಅಂಕಿಗಳು. ಲಘುಗಣಕ ಗೊತ್ತಿದ್ದವರಿಗೆ ನಿಖರ ಲೆಕ್ಕ 36,96,93,100 ಅಂಕಿ. ಪುಟಕ್ಕೆ 500 ಅಂಕಿಯಂತೆ ಬರೆದರೆ 200 ಪುಟದ ನೋಟ್‌ಬುಕ್ ಸುಮಾರು 3,700 ಬೇಕು. ಯಂತ್ರ ಒಳಗೆ ದ್ವಿಮಾನದಲ್ಲಿ ಗುಣಿಸಿ ಮುಗಿಸಿದರೂ, ಅದನ್ನು ನಮಗಾಗಿ ದಶಮಾನದ ಅಂಕಿಗಳಿಗೆ ತಿರುಗಿಸುವುದು ಇನ್ನೂ ದೊಡ್ಡ ಕೆಲಸ. ಈ ಕಾರಣಕ್ಕೇ 2022ರಿಂದ ಈಚೆಗಿನ ಪೈಥಾನ್ ಆವೃತ್ತಿಗಳು 4,300 ಅಂಕಿ ಮೀರಿದ ಪೂರ್ಣಾಂಕವನ್ನು ಹಾಗೆಯೇ ಮುದ್ರಿಸಲು ಒಪ್ಪುವುದಿಲ್ಲ. ನಮ್ಮ ಕೊಠಡಿಯಲ್ಲಿರುವುದು ಹಳೆಯದು, ಅದು ಒಪ್ಪಿಕೊಂಡು ಒದ್ದಾಡಿತು.

ಅದೇ ದಿನ 67ರ ಇನ್ನೊಂದು ಕಥೆಯನ್ನೂ ಹೇಳಿದೆ. ಅಮೆರಿಕದ ಕೋಲ್ ಎಂಬ ಗಣಿತಜ್ಞ 1903ರಲ್ಲಿ ಗಣಿತ ಸಂಘದ ಸಭೆಯೊಂದರಲ್ಲಿ ಹಲಗೆಯ ಬಳಿ ಹೋಗಿ, ಒಂದೂ ಮಾತಾಡದೆ 2⁶⁷ − 1ರ ಬೆಲೆಯನ್ನು ಬಿಡಿಸಿ, ಇನ್ನೊಂದು ಕಡೆ 19,37,07,721 ಮತ್ತು 76,18,38,25,72,87ನ್ನು ಗುಣಿಸಿ, ಎರಡೂ ಒಂದೇ ಎಂದು ತೋರಿಸಿ ಬಂದು ಕೂತನಂತೆ. ಸಭೆ ಎದ್ದು ಚಪ್ಪಾಳೆ ತಟ್ಟಿತಂತೆ. (ಆ ಪಾಠಕ್ಕೂ ಒಂದು ವೀಕ್ಷಣಾ ನಮೂನೆ ತುಂಬಿಸಿದ್ದರೆ ಏನು ಬರೆಯುತ್ತಿದ್ದರೋ.) ಮಕ್ಕಳಿಗೆ ಕಥೆಗಿಂತ ಹೆಚ್ಚು ಹಿಡಿಸಿದ್ದು ಬೇರೆ. 2ರ ಅವಿಭಾಜ್ಯ ಘಾತದಿಂದ ಒಂದು ಕಳೆದ ಸಂಖ್ಯೆಗೆ ಎಂಥ ಅಪವರ್ತನಗಳು ಬರಬಹುದು ಎಂಬುದಕ್ಕೇ ಒಂದು ನಿಯಮವಿದೆ: ಮನೆ ನಂಬರಿನ ಎರಡರಷ್ಟರಿಂದ ಭಾಗಿಸಿದರೆ ಶೇಷ 1 ಉಳಿಯಬೇಕು. 11ನೇ ಮನೆಯ 23 ಮತ್ತು 89 ಎರಡೂ 22ರಿಂದ ಭಾಗಿಸಿದಾಗ 1 ಉಳಿಸುತ್ತವೆ. ಹಾಗಾಗಿ 61ಕ್ಕೆ ಡಿಯನ್ನು ಒಂದೊಂದಾಗಿ ಏರಿಸುವ ಬದಲು 123ರಿಂದ ಶುರು ಮಾಡಿ 122ರಂತೆ ಜಿಗಿಸಬಹುದು. 151 ಕೋಟಿ ಸುತ್ತು ಒಂದೂಕಾಲು ಕೋಟಿಗೆ ಇಳಿಯಿತು, ಐದು ನಿಮಿಷ ಮೂರು ಸೆಕೆಂಡಿನೊಳಗೆ ಬಂತು. ಮರ್ಸೆನ್ ಬಿಟ್ಟಿದ್ದ 61 ಅವಿಭಾಜ್ಯ ಎಂದು ರಷ್ಯಾದ ಪೆರ್ವುಶಿನ್ 1883ರಲ್ಲಿ ತೋರಿಸಿದ್ದ. ಅದು ನಮ್ಮ ಕೊಠಡಿಯಲ್ಲೂ ಆಯಿತು.

ಆ ಹುಡುಗಿ ಮುಂದಿನದಾಗಿ 89 ತೆಗೆದುಕೊಂಡಳು. ಈ ಸಲ ಮೊದಲು ಕೀಬೋರ್ಡ್ ಮುಟ್ಟಲಿಲ್ಲ. 2⁸⁹ಅನ್ನು 2 × 2⁸⁸ ಎಂದು ಬರೆದು, ವರ್ಗಮೂಲ 2⁴⁴ರ 1.414 ಪಟ್ಟು ಎಂದು ಹಿಡಿದು, ಸುಮಾರು 25 ಲಕ್ಷ ಕೋಟಿ ಎಂದಳು. 178ರಂತೆ ಜಿಗಿದರೆ 14,000 ಕೋಟಿ ಸುತ್ತು, ಸೆಕೆಂಡಿಗೆ 50 ಲಕ್ಷದಂತೆ 28,000 ಸೆಕೆಂಡ್, ಏಳೂಮುಕ್ಕಾಲು ಗಂಟೆ. “ಹತ್ತಕ್ಕೆ ಹಾಕಿದ್ರೂ ಶಾಲೆ ಬಿಡೋದ್ರೊಳಗೆ ಮುಗಿಯಲ್ಲ ಮಿಸ್. ಕರೆಂಟ್ ಬೇರೆ ಹೋಗುತ್ತೆ,” ಎಂದು ಓಡಿಸಲೇ ಇಲ್ಲ. ಭಾಗಿಸದೆಯೇ ತಿಳಿಯುವ ದಾರಿ ಇಲ್ಲವೇ ಎಂದು ಕೇಳಿದಳು.

ಇದೆ. ಲೂಕಾ 19ನೇ ಶತಮಾನದಲ್ಲಿ ಕಂಡು, ಲೇಮರ್ 1930ರ ದಶಕದಲ್ಲಿ ಸರಳಗೊಳಿಸಿದ ದಾರಿ. 4ರಿಂದ ಶುರು ಮಾಡಿ ಪ್ರತಿ ಸಲ ವರ್ಗ ಮಾಡಿ 2 ಕಳೆಯಬೇಕು, ಬಂದದ್ದನ್ನು ನಮ್ಮ ಸಂಖ್ಯೆಯಿಂದ ಭಾಗಿಸಿ ಶೇಷವನ್ನು ಮಾತ್ರ ಇಟ್ಟುಕೊಳ್ಳಬೇಕು. ಮನೆ ನಂಬರಿಗಿಂತ ಎರಡು ಕಡಿಮೆ ಹೆಜ್ಜೆ ನಡೆದಾಗ ಸೊನ್ನೆ ಬಂದರೆ ಅವಿಭಾಜ್ಯ. 31ಕ್ಕೆ: 4, 14, 8, 0. 61ನೇ ಮನೆಗೆ 59 ಹೆಜ್ಜೆ, 89ಕ್ಕೆ 87. ಶೇಷ ತೆಗೆಯುವುದನ್ನು ಬಿಟ್ಟರೆ ಮಾತ್ರ 4, 14, 194, 37,634, ಮುಂದೆ 1,41,63,17,954 ಎಂದು ಅಂಕಿಗಳು ಪ್ರತಿ ಹೆಜ್ಜೆಗೂ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತ, ಚದುರಂಗದ ಕಾಳಿನಂತೆಯೇ, ಯಂತ್ರ ಮತ್ತೆ ಸುಮ್ಮನಾಗುತ್ತದೆ. 127ಕ್ಕೆ ಅವಳು ಕೈಯಲ್ಲೇ ಮಾಡಿ ತಂದಳು: 4, 14, 67, 42, 111, 0. ಕಾಗದದ ಕೆಳಗೆ ಪೆನ್ಸಿಲಿನಲ್ಲಿ ‘ಯಾಕೆ 4ರಿಂದಲೇ?’ ಎಂದು ಬರೆದಿದೆ. ಅದರ ಸಾಧನೆಯನ್ನು ಒಂಬತ್ತನೇ ತರಗತಿಯ ಭಾಷೆಗೆ ಇಳಿಸಲು ಈಗ ಕೂತಿದ್ದೇನೆ. ಇಂಟರ್ನ್‌ಶಿಪ್ ಮುಗಿಯಲು ಇನ್ನು ಎರಡು ಶುಕ್ರವಾರ ಉಳಿದಿವೆ.